ಕಾದಂಬರಿಯನ್ನು ಫಿಸಿಕಲ್ ಥಿಯೇಟರ್ ಮಾಡುವಾಗ ಮಾತೆಲ್ಲ ತೆಗೆದುಬಿಡಬೇಕಾ?

ಬೇಡ ಮಾರಾಯ್ರೆ, ಮೊದಲೇ ಮಾತಿಗೆ ಕತ್ತರಿ ಹಾಕಬೇಡಿ. ಫಿಸಿಕಲ್ ಥಿಯೇಟರ್ ಅಂದ್ರೆ ಹೆಚ್ಚಾಗಿ ಮೈಯ ಚಲನೆಯಲ್ಲೇ ಕಥೆ ಹೇಳೋ ನಾಟಕ, ಮಾತೇ ಇರಬಾರದು ಅಂತಲ್ಲ. ನಮ್ಮದು ಮೂಡಿಗೆರೆ ಕಡೆಯ ಹವ್ಯಾಸಿ ತಂಡ. ನಮ್ಮೂರಿನದೇ ಕಥೆ ಅಂತ ತೇಜಸ್ವಿಯವರ ‘ಕರ್ವಾಲೊ’ ಎತ್ತಿಕೊಂಡು ತಾಲೀಮು ಶುರುಮಾಡಿದಾಗ ಇದೇ ತಪ್ಪು ಮಾಡಿದ್ವಿ. ಮಂದಣ್ಣನ ಮಾತು ತೆಗೆದ್ವಿ, ನಗುವೂ ಅದರ ಹಿಂದೆಯೇ ಹೋಯ್ತು. ವಾಪಸ್ ಹಾಕಬೇಕಾಯ್ತು.

ಮಾತು ಸೋಲುವ ಜಾಗ ಹುಡುಕಿ, ಮೈಗೆ ಕೆಲಸ ಇರೋದು ಅಲ್ಲಿ. ನಮಗೆ ಅದು ಕಾದಂಬರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ, ಕೊನೆಗೆ ಕಣಿವೆಗೆ ತೇಲಿಹೋಗುವ ಹಾರುವ ಓತಿ. ಮೊದಲು ಸಪೂರ ಹುಡುಗನೊಬ್ಬನಿಗೆ ಹಸಿರು ಬಟ್ಟೆಯ ರೆಕ್ಕೆ ಕಟ್ಟಿದ್ವಿ. ಸ್ಕೂಲ್ ಡೇ ಛದ್ಮವೇಷದ ಥರ ಕಂಡ, ಪಾಪ. ಆಮೇಲೆ ಹೊಳೀತು: ಓತಿಯ ರೆಕ್ಕೆ ಅಂದ್ರೆ ಉದ್ದಕ್ಕೆ ಬೆಳೆದ ಪಕ್ಕೆಲುಬು, ಅದರ ಮೇಲೆ ಚಾಚಿದ ಚರ್ಮ, ಅಷ್ಟೇ. ಪಕ್ಕೆಲುಬು ನಮಗೂ ಇದೆಯಲ್ಲ! ರೆಕ್ಕೆಯ ಬಟ್ಟೆ ಬಿಚ್ಚಿಸಿ ಬರೀ ಉಸಿರಲ್ಲಿ ಎದೆಗೂಡು ಅರಳಿಸೋಕೆ ಹೇಳಿದ್ವಿ. ಚೆನ್ನಾಗಿತ್ತು, ಆದರೆ ಎರಡನೇ ಸಾಲಿನಾಚೆ ಯಾರಿಗೂ ಕಾಣಲ್ಲ.

ಕೊನೆಗೆ ಓತಿಯ ಪಾತ್ರವನ್ನೇ ತೆಗೆದ್ವಿ. ಎಂಟು ಜನ ಬಂಡೆಯ ಅಂಚಲ್ಲಿ ನಿಂತಂತೆ ಒತ್ತಾಗಿ ನಿಲ್ಲೋದು. ಒಂದೇ ಉಸಿರು ಒಳಕ್ಕೆ. ಎಂಟೂ ಕತ್ತು ಒಟ್ಟಿಗೆ, ಎಡದಿಂದ ಬಲಕ್ಕೆ, ನಿಧಾನ ಇಳಿಯುತ್ತಾ ತಿರುಗೋದು. ಕಣಿವೆಗೆ ತೇಲಿಹೋದ ಓತಿ ಕಾಣುತ್ತೆ. ಒಬ್ಬನ ಕತ್ತು ಅರೆಕ್ಷಣ ಮುಂಚೆ ಹೊರಟರೂ ಓತಿ ಸತ್ತಹಾಗೆ. ಈ ಅರ್ಧ ನಿಮಿಷಕ್ಕೆ ಮೂರು ವಾರ ಹಿಡೀತು. ತಾಲೀಮು ಕಾಫಿ ಕಣದ ಸಿಮೆಂಟಿನ ಮೇಲೆ, ಮಂಡಿ ಗತಿ ಕೇಳಬೇಡಿ. ನೀವು ಜಮಖಾನ ಹಾಸ್ಕೊಳ್ಳಿ.

ಇದೇನು ನಾವು ಕಂಡುಹಿಡಿದದ್ದಲ್ಲ. ಕಾಫ್ಕಾನ ಹುಳುವಾಗುವ ಮನುಷ್ಯನ ಕಥೆಯನ್ನು 1969ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ತಂದ ಸ್ಟೀವನ್ ಬರ್ಕಾಫ್ ಹುಳುವಿನ ವೇಷ ಹಾಕಲಿಲ್ಲ, ಎಲ್ಲ ಮೈಯಲ್ಲೇ ಮಾಡಿದ್ದು. ಅವರು ಪ್ಯಾರಿಸ್ಸಿನಲ್ಲಿ ಮೈಯ ಚಲನೆಯಿಂದಲೇ ನಟನೆ ಕಲಿಸುತ್ತಿದ್ದ ಜಾಕ್ ಲಕಾಕ್ ಹತ್ತಿರ ಕಲಿತವರು. ಅಷ್ಟು ದೂರ ಯಾಕೆ, ನಮ್ಮ ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ನೋಡಿದವರಿಗೆ ಗೊತ್ತು: ರಂಗಸ್ಥಳಕ್ಕೆ ಎರಡು ಸುತ್ತು ಬಂದರೆ ಕಾಡು ದಾಟಿದಹಾಗೆ. ಯಾರೂ ಮರ ಎಲ್ಲಿ ಅಂತ ಕೇಳಲ್ಲ.

ಇನ್ನೊಂದು, ಪೋಸ್ಟರ್ ಹೊಡೆಸೋ ಮುಂಚೆ ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ತೇಜಸ್ವಿ ಹೋಗಿದ್ದು 2007ರಲ್ಲಿ, ನೀವೇ ಲೆಕ್ಕ ಹಾಕಿ.