ಹಿನ್ನೀರಿನ ಗಾಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳ ಪೈಕಿ ಐದು ಒಂದೇ ವಿಷಯದ ಸುತ್ತ ಇದ್ದುದರಿಂದ, ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವಕ್ಕೆ ಒಟ್ಟಾಗಿ ಉತ್ತರಿಸಲಾಗಿದೆ. ಮೊದಲನೆಯ ಪತ್ರದ ಉತ್ತರ ದೀರ್ಘವಾಗಿದೆ. ಉಳಿದ ನಾಲ್ಕಕ್ಕೂ ಬೇಕಾದ ಹಿನ್ನೆಲೆ ಅದರಲ್ಲಿದೆ.

ಪ್ರಶ್ನೆ: ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಪಶ್ಚಿಮ ದಂಡೆಯಲ್ಲಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಅತಿಥಿಗಳಿಗಾಗಿ ನಾಲ್ಕು ಕಯಾಕ್, ಒಂದು ತೆಪ್ಪ ಇಟ್ಟಿದ್ದೇವೆ. ಕಳೆದ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಮೊಬೈಲ್ ನೋಡಿದಾಗ ಮಧ್ಯಾಹ್ನದ ಗಾಳಿ 6 ಎಂದು ತೋರಿಸಿತು. ‘ಇವತ್ತು ಗಾಳಿ ಇಲ್ಲ, ಹೋಗಿ ಬನ್ನಿ’ ಎಂದು ನಾಲ್ವರನ್ನು ಪೂರ್ವಕ್ಕೆ ಕಾಣುವ ನಡುಗಡ್ಡೆಗೆ ಕಳುಹಿಸಿದೆ. ಹನ್ನೆರಡಕ್ಕೆ ಬರುತ್ತೇವೆಂದವರು ಊಟದ ಡಬ್ಬಿ ಬಿಚ್ಚಿಕೊಂಡು ಅಲ್ಲೇ ಕುಳಿತರು. ಎರಡು ಗಂಟೆಗೆ ಪಡುಗಾಳಿ ಎದ್ದು, ಸಂಜೆಯವರೆಗೆ ಅವರಿಗೆ ಹಿಂದಿರುಗಲು ಆಗಲಿಲ್ಲ. ಯಾರಿಗೂ ಅಪಾಯವಾಗಲಿಲ್ಲ, ಆದರೆ ‘ಗಾಳಿ ಇಲ್ಲ ಎಂದವರು ನೀವೇ’ ಎಂದು ದೊಡ್ಡ ಜಗಳವಾಯಿತು. ತಪ್ಪು ಮುನ್ಸೂಚನೆಯದೋ, ನನ್ನದೋ, ಹೊತ್ತು ಮೀರಿಸಿದ ಅವರದೋ?

ಉತ್ತರ: ತಪ್ಪನ್ನು ಹಂಚುವುದಕ್ಕೆ ಮೊದಲು ಒಂದು ವಿವರ ಬೇಕು. ಆ 6 ಯಾವುದರ 6? ಹವಾಮಾನದ ಆ್ಯಪ್‌ಗಳಲ್ಲಿ ಕೆಲವು ಗಾಳಿಯ ವೇಗವನ್ನು ಗಂಟೆಗೆ ಕಿಲೊಮೀಟರ್ ಲೆಕ್ಕದಲ್ಲಿ, ಕೆಲವು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ, ಇನ್ನು ಕೆಲವು ನಾಟ್ ಲೆಕ್ಕದಲ್ಲಿ ತೋರಿಸುತ್ತವೆ. ಗಂಟೆಗೆ 6 ಕಿಲೊಮೀಟರ್ ಎಂದರೆ ಮುಖಕ್ಕೆ ತಾಗಿದ್ದು ಗೊತ್ತಾಗುವಷ್ಟು ತಂಗಾಳಿ. 6 ನಾಟ್ ಎಂದರೆ ಗಂಟೆಗೆ ಸುಮಾರು 11 ಕಿಲೊಮೀಟರ್. ಸೆಕೆಂಡಿಗೆ 6 ಮೀಟರ್ ಎಂದರೆ ಗಂಟೆಗೆ 21 ಕಿಲೊಮೀಟರಿಗೂ ಹೆಚ್ಚು. ಗಾಳಿ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಆ ಲೆಕ್ಕದಲ್ಲಿ ಮೊದಲನೆಯ 6ಕ್ಕೂ ಕೊನೆಯ 6ಕ್ಕೂ ನಡುವೆ ಸುಮಾರು ಹದಿಮೂರು ಪಟ್ಟು ಅಂತರವಿದೆ. ನಾನು ಪಂಥ ಕಟ್ಟುವವನಲ್ಲ, ಆದರೆ ಸಂಜೆಯವರೆಗೆ ಅವರಿಗೆ ಹಿಂದಿರುಗಲು ಆಗಲಿಲ್ಲವೆಂದು ನೀವು ಬರೆದದ್ದನ್ನು ನೋಡಿದರೆ, ನಿಮ್ಮ ಮೊಬೈಲಿನ 6 ಕೊನೆಯ ಬಗೆಯದೇ ಇದ್ದಿರಬೇಕೆಂದು ಸಂಶಯವಾಗುತ್ತದೆ. ಇವತ್ತೇ ಸೆಟ್ಟಿಂಗ್ ತೆರೆದು ನೋಡಿಕೊಳ್ಳಿ.

ಅಳತೆ ಸರಿಯಾಗಿಯೇ ಇತ್ತೆಂದುಕೊಂಡರೂ, ಆ ಅಂಕಿ ನಿಮ್ಮ ಕಡವಿನದಲ್ಲ. ಗಣಕ ಮಾದರಿಗಳು ಭೂಮಿಯ ಮೇಲೆ ಒಂದು ಬಲೆ ಹಾಸಿ, ಅದರ ಒಂದೊಂದು ಕಣ್ಣಿಗೆ ಒಂದೊಂದು ಗಾಳಿಯನ್ನು ಲೆಕ್ಕ ಹಾಕುತ್ತವೆ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಿನಿಂದ ಬಳಸುತ್ತಿರುವ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಆ ಕಣ್ಣು ಸುಮಾರು 6 ಕಿಲೊಮೀಟರ್ ಅಗಲ. ಅದಕ್ಕೆ ಮೊದಲು 12 ಇತ್ತು. ಇಷ್ಟು ದೊಡ್ಡ ಕಣ್ಣಿನ ಬಲೆಯಲ್ಲಿ ನಿಮ್ಮ ನಡುಗಡ್ಡೆ, ಅದರ ಆಚೀಚಿನ ಗುಡ್ಡ, ಎರಡು ಗುಡ್ಡಗಳ ಸಂದಿಯಲ್ಲಿ ಗಾಳಿ ಬಿರುಸಾಗುವ ಜಾಗ ಎಲ್ಲವೂ ಜಾರಿಹೋಗುತ್ತವೆ. ಅದರ ಮೇಲೆ, ತೋರಿಸುವ ವೇಗ ನೆಲದಿಂದ 10 ಮೀಟರ್ ಎತ್ತರದ ಸರಾಸರಿ. ನಡುನಡುವೆ ಬರುವ ಜೋರು ಬೀಸು ಬೇರೆ, ಅದನ್ನು ಆ್ಯಪ್‌ನಲ್ಲಿ ‘ಗಸ್ಟ್’ ಎಂಬ ಇನ್ನೊಂದು ಸಾಲಿನಲ್ಲಿ ಹುಡುಕಬೇಕು. ತೆಪ್ಪವನ್ನು ಬುಗುರಿಯಂತೆ ತಿರುಗಿಸುವುದು ಸರಾಸರಿಯಲ್ಲ, ಈ ಬೀಸು.

ಬೆಳಿಗ್ಗೆ ಏಳಕ್ಕೆ ನೀರು ಕನ್ನಡಿಯಂತಿದ್ದು ಮಧ್ಯಾಹ್ನ ಗಾಳಿ ಏಳುವುದರಲ್ಲಿ ಆಕಸ್ಮಿಕವೇನೂ ಇಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ರಾತ್ರಿ ತಣ್ಣಗಾದ ಗಾಳಿ ಕಣಿವೆಯ ತಳದಲ್ಲಿ ಮಂಜಿನೊಂದಿಗೆ ಕುಳಿತಿರುತ್ತದೆ. ಮೇಲೆ ಬೀಸುವ ಗಾಳಿ ಆ ತಣ್ಣನೆಯ ಪದರವನ್ನು ದಾಟಿ ಕೆಳಗಿಳಿಯುವುದಿಲ್ಲ. ಹತ್ತು ಹನ್ನೊಂದರ ಹೊತ್ತಿಗೆ ನೆಲ ಕಾದು ಪದರ ಒಡೆದಾಗ ಮೇಲಿನ ಗಾಳಿ ನೀರಿಗಿಳಿಯುತ್ತದೆ. ಸಮುದ್ರ ಇಲ್ಲಿಂದ ನೇರ ಐವತ್ತು ಕಿಲೊಮೀಟರಿನೊಳಗಿರುವುದರಿಂದ, ಕೆಲವು ದಿನ ಕಡಲ ಕಡೆಯಿಂದ ಘಟ್ಟ ಹತ್ತಿ ಬರುವ ಗಾಳಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕಣದಲ್ಲಿ ಭತ್ತ ತೂರುತ್ತಿದ್ದ ನಮ್ಮ ಹಿರಿಯರು ಯಾವ ಹೊತ್ತಿಗೆ ಗಾಳಿ ಬರುತ್ತದೆಂದು ತಿಳಿದೇ ಮೊರ ಎತ್ತುತ್ತಿದ್ದರು. ‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆಯನ್ನು ಈಗ ಅವಕಾಶವಾದಿಗಳನ್ನು ಕುರಿತು ಹೇಳುತ್ತೇವೆ. ಮೂಲದಲ್ಲಿ ಅದು ಹವಾಮಾನದ ಮಾತೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಪಶ್ಚಿಮ ದಂಡೆ’ ಎಂಬ ಎರಡು ಪದಗಳು. ಪಡುಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು ನೀರಿನ ಮೇಲೆ ಹೋಗುತ್ತದೆ. ಹಿಂದಿರುವ ಗುಡ್ಡವೂ ಕಾಡೂ ಅದನ್ನು ತಡೆಯುವುದರಿಂದ ನಿಮ್ಮ ಕಡವಿನಲ್ಲಿ ನೀರು ಅಲುಗುವುದೇ ಇಲ್ಲ. ಇನ್ನೂರು ಮುನ್ನೂರು ಮೀಟರ್ ಆಚೆಗೆ ಅದೇ ಗಾಳಿ ನೀರಿಗೆ ಬಿದ್ದು, ಅಲ್ಲಿಂದ ಮುಂದೆ ತಡೆಯಿಲ್ಲದೆ ಓಡಿ, ದೂರ ಹೋದಷ್ಟೂ ಅಲೆಯನ್ನು ಬೆಳೆಸುತ್ತದೆ. ದಂಡೆಯಲ್ಲಿ ನಿಂತವನಿಗೆ ಕಾಣುವುದು ಅಲೆಗಳ ಬೆನ್ನು ಮಾತ್ರ, ಹಾಗಾಗಿ ಅವು ಇರುವುದಕ್ಕಿಂತ ಸಣ್ಣದಾಗಿಯೇ ಕಾಣುತ್ತವೆ. ದಂಡೆಯಿಂದ ಒಳಕ್ಕೆ ತಳ್ಳುವ ಈ ಗಾಳಿ, ದಂಡೆಗೆ ತಂದು ಹಾಕುವ ಗಾಳಿಗಿಂತ ಅಪಾಯಕಾರಿ; ಹುಟ್ಟು ಹಾಕಿ ಸೋತವನನ್ನು ಅದು ಮನೆಯ ಕಡೆಗೆ ತರುವುದಿಲ್ಲ. ಈ ಹಿನ್ನೀರನ್ನು ನಿಲ್ಲಿಸಿರುವ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನೀರು, ಸಮುದ್ರಮಟ್ಟದಿಂದ ಅಳೆದ 1819 ಅಡಿಯ ಪೂರ್ಣಮಟ್ಟದಿಂದ ಬೇಸಿಗೆಗೆ ಹತ್ತಾರು ಅಡಿ ಇಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೀರು ಇಳಿದಂತೆ ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೇಳುತ್ತವೆ, ಗಾಳಿ ಓಡುವ ದಾರಿ ಬದಲಾಗುತ್ತದೆ. ನವೆಂಬರಿನಲ್ಲಿ ಕಲಿತ ಪಾಠ ಏಪ್ರಿಲಿಗೆ ಹಾಗೆಯೇ ಹೊಂದುವುದಿಲ್ಲ.

ಇನ್ನು ಹೊಣೆ. ಮುನ್ಸೂಚನೆ ಮಾಡಿದವರು ಒಂದು ಅಂಕಿ ಕೊಟ್ಟರು. ಅದನ್ನು ‘ಗಾಳಿ ಇಲ್ಲ’ ಎಂಬ ಭರವಸೆಯಾಗಿ ಮಾಡಿದವರು ನೀವು. ಆ ಎರಡರ ನಡುವೆ ಸೇರಿದ್ದು ನಿಮ್ಮದು, ಅದರ ಹೊಣೆಯೂ ನಿಮ್ಮದು. ‘ಮೊಬೈಲಿನಲ್ಲಿ ಕಡಿಮೆ ತೋರಿಸುತ್ತಿದೆ, ಆದರೆ ಇಲ್ಲಿ ಊಟದ ಹೊತ್ತಿಗೆ ಪಡುಗಾಳಿ ಏಳುವುದುಂಟು, ಹನ್ನೊಂದೂವರೆಗೆ ಅಲ್ಲಿಂದ ಹೊರಟುಬಿಡಿ’ ಎಂದಿದ್ದರೆ ಮಾತು ನಾಲ್ಕು ಹೆಚ್ಚಾಗುತ್ತಿತ್ತು, ಜಗಳ ಆಗುತ್ತಿರಲಿಲ್ಲ. ಅತಿಥಿಗಳ ಪಾಲು ಇಲ್ಲವೆಂದಲ್ಲ. ಹೇಳಿದ ಹೊತ್ತಿಗೆ ಹೊರಡದಿರುವುದು ಅವರದೇ ತಪ್ಪು. ಆದರೆ ಹೊತ್ತಿಗೂ ಗಾಳಿಗೂ ಇರುವ ಸಂಬಂಧವನ್ನು ಯಾರೂ ಹೇಳದಿದ್ದಾಗ, ಬೆಂಗಳೂರಿನಿಂದ ಬಂದವರಿಗೆ ಹನ್ನೆರಡೂ ಎರಡೂ ಒಂದೇ. ಅವರು ಹಣ ಕೊಟ್ಟಿದ್ದಾರೆ, ನೀವು ನೀರನ್ನು ಬಲ್ಲವರು; ಇಳಿಸುವ ತೀರ್ಮಾನ ನಿಮ್ಮ ಕೈಯಲ್ಲಿತ್ತು. ಪಾಲು ಹಾಕಲೇಬೇಕೆಂದರೆ ದೊಡ್ಡ ಪಾಲು ನಿಮಗೇ ಬರುತ್ತದೆ. ಕ್ಷಮಿಸಿ.

ಇದನ್ನು ಬರೆಯುವ ಅರ್ಹತೆ ನನಗೆ ಪೂರ್ತಿಯಾಗಿ ಇಲ್ಲ. ಕೆಲವು ವರ್ಷಗಳ ಹಿಂದೆ ಇದೇ ಹಿನ್ನೀರಿನ ಇನ್ನೊಂದು ಕಡವಿನಲ್ಲಿ, ದೂರದ ನೀರಿನ ಮೇಲೆ ಮಸಿಯ ಗೆರೆ ಎಳೆದಂತೆ ಕಪ್ಪು ಪಟ್ಟಿಯೊಂದು ನಮ್ಮ ಕಡೆಗೆ ಸರಿಯುತ್ತಿದ್ದುದನ್ನು ಕಂಡು ನಾನು ಕಯಾಕನ್ನು ದಡಕ್ಕೆ ಎಳೆದುಹಾಕಿದೆ. ಪಕ್ಕದಲ್ಲೇ ಒಂದು ಕುಟುಂಬ ತೆಪ್ಪ ಹತ್ತುತ್ತಿತ್ತು. ಅವರಿಗೊಬ್ಬ ನಡೆಸುವವನಿದ್ದ, ಅವನಿಗೆ ಗೊತ್ತಿರುತ್ತದೆ, ನಾನೇಕೆ ತಲೆ ಹಾಕಲಿ ಎಂದು ಸುಮ್ಮನೆ ಹುಟ್ಟು ಒರೆಸುತ್ತ ನಿಂತೆ. ಅವನು ಗೆರೆಗೆ ಬೆನ್ನು ಹಾಕಿ ಮಗುವಿನ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಹತ್ತು ನಿಮಿಷದಲ್ಲಿ ಅವರು ತೊಯ್ದು ತೊಪ್ಪೆಯಾಗಿ, ಮಗು ಅಳುತ್ತ, ಎಲ್ಲೋ ಬೇರೆ ದಂಡೆಗೆ ಹೋಗಿ ತಾಗಿದರು. ‘ಗಾಳಿ ಬಂತು’ ಎಂಬ ಎರಡು ಪದ ನನ್ನ ಬಾಯಲ್ಲೇ ಇದ್ದವು.

ಪ್ರಶ್ನೆ: ಎರಡು ಆ್ಯಪ್ ನೋಡಿದರೆ ಎರಡು ಗಾಳಿ ಕಾಣುತ್ತದೆ. ಯಾವುದನ್ನು ನಂಬಬೇಕು? ನಮ್ಮ ಪ್ರೌಢಶಾಲೆಯ ಮಕ್ಕಳಿಂದ ಗಾಳಿಯನ್ನು ಅಳೆಸಬಹುದೆ? (ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಆ್ಯಪ್‌ಗಳು ಬೇರೆ ಬೇರೆ ಮಾದರಿಗಳಿಂದ ಅಂಕಿ ತರುವುದರಿಂದ ವ್ಯತ್ಯಾಸ ಸಹಜ. ಎರಡೂ ಹತ್ತಿರ ಹತ್ತಿರ ಇದ್ದರೆ ಸ್ವಲ್ಪ ನೆಮ್ಮದಿ. ಬಹಳ ದೂರವಿದ್ದರೆ ಅದೂ ಒಂದು ಸುದ್ದಿಯೇ, ಆ ದಿನದ ಗಾಳಿ ಯಾರ ಹಿಡಿತಕ್ಕೂ ಸಿಕ್ಕಿಲ್ಲವೆಂದು ತಿಳಿದುಕೊಳ್ಳಬಹುದು. ಮಾದರಿಯ ಲೆಕ್ಕ ಹಳತಾಗುತ್ತದೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅನೇಕ ಆ್ಯಪ್‌ಗಳು ಬಳಸುವ ಅಮೆರಿಕದ ಜಿಎಫ್‌ಎಸ್ ಮಾದರಿ ದಿನಕ್ಕೆ ನಾಲ್ಕು ಸಲ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ, ಸಂಜೆಯ ಐದೂವರೆ ಮತ್ತು ಹಗಲು, ರಾತ್ರಿಯ ಹನ್ನೊಂದೂವರೆಯ ಸ್ಥಿತಿಯಿಂದ, ಹೊಸದಾಗಿ ಲೆಕ್ಕ ಹಾಕುತ್ತದೆ. ಫಲಿತಾಂಶ ಬರಲು ಕೆಲವು ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಕಾಣುವುದು ಹಿಂದಿನ ರಾತ್ರಿಯ ಸ್ಥಿತಿಯನ್ನು ಆಧರಿಸಿದ ಅಂಕಿ.

ಮಕ್ಕಳಿಂದ ಖಂಡಿತ ಅಳೆಸಬಹುದು, ಅದಕ್ಕೆ ಯಂತ್ರವೇ ಬೇಕೆಂದಿಲ್ಲ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಮಾಪನ ಕಣ್ಣಿನಿಂದಲೇ ನಡೆಯುತ್ತದೆ. ಅದರ 3ನೇ ಮಟ್ಟದಲ್ಲಿ, ಎಂದರೆ ಗಂಟೆಗೆ 12ರಿಂದ 19 ಕಿಲೊಮೀಟರಿನಲ್ಲಿ, ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲುಗುತ್ತವೆ, ಅಲೆಗಳ ನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣುತ್ತದೆ; 4ರಲ್ಲಿ, 20ರಿಂದ 28ರವರೆಗೆ, ದೂಳೂ ಕಾಗದವೂ ಏಳುತ್ತವೆ, ಬಿಳಿ ನೊರೆ ಸಾಕಷ್ಟು ಕಡೆ ಕಾಣುತ್ತದೆ. ಹೊಸಬರ ಕಯಾಕ್ 4ಕ್ಕೆ ಮೊದಲೇ ದಡದಲ್ಲಿರಬೇಕು. ದಿನಕ್ಕೆ ಮೂರು ಹೊತ್ತು ದಿಕ್ಕು, ಮಟ್ಟ, ಆ್ಯಪ್ ಹೇಳಿದ ಅಂಕಿ ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಒಂದು ವರ್ಷದಲ್ಲಿ ಆ್ಯಪ್ ಯಾವ ತಿಂಗಳು, ಯಾವ ದಿಕ್ಕಿನ ಗಾಳಿಯಲ್ಲಿ, ಎಷ್ಟು ತಪ್ಪುತ್ತದೆಂದು ನಿಮ್ಮ ಮಕ್ಕಳು ಹೇಳಬಲ್ಲರು. ಆ ಜ್ಞಾನ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಹೋಬಳಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳಿವೆ, ಅವುಗಳ ಅಂಕಿಯೊಂದಿಗೆ ಹೋಲಿಸಿ ನೋಡಿ. ಅವು ನೆಲದ ಮೇಲಿನವು, ನೀರಿನ ಮೇಲೆ ಗಾಳಿ ಸಾಮಾನ್ಯವಾಗಿ ಅದಕ್ಕಿಂತ ಜೋರಾಗಿರುತ್ತದೆಂಬುದು ನೆನಪಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಗಾಳಿ ಚೆನ್ನಾಗಿರುತ್ತದೆ. ಆಗ ಹಾಯಿಹಲಗೆಯ ಆಟಕ್ಕೆ (ವಿಂಡ್‌ಸರ್ಫಿಂಗ್) ಹಿನ್ನೀರಿಗೆ ಇಳಿಯಬಹುದೆ? (ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಬೇಡ. ಗಾಳಿ ಇರುತ್ತದೆ, ಆದರೆ ಗುಡ್ಡಗಳ ಮೇಲಿಂದ ಮುರಿದು ಬೀಳುವ ಗಾಳಿ. ದಿಕ್ಕೂ ಬಲವೂ ನಿಮಿಷಕ್ಕೊಂದು. ನೀರು ಏರುತ್ತಿರುತ್ತದೆ, ಬೊಡ್ಡೆಗಳು ಅರ್ಧ ಮುಳುಗಿರುತ್ತವೆ, ಮಳೆ ಹಿಡಿದರೆ ಎದುರಿನ ದಂಡೆ ಕಾಣುವುದಿಲ್ಲ. ನೀವೊಬ್ಬರೇ ಇಳಿದರೂ ಹುಡುಕಲು ಇಳಿಯುವವರು ಹತ್ತು ಜನ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಭದ್ರಾ ಜಲಾಶಯದ ಕಡೆ ಇದ್ದಕ್ಕಿದ್ದಂತೆ ಬಿರುಗಾಳಿ ಬರುತ್ತದೆ. ಮುಂಚೆಯೇ ತಿಳಿಯುವುದು ಹೇಗೆ? (ಓದುಗರು, ಭದ್ರಾವತಿ)

ಉತ್ತರ: ಇದು ಗುಡುಗುಮೋಡದಿಂದ ಕೆಳಕ್ಕೆ ಸುರಿಯುವ ತಣ್ಣನೆಯ ಗಾಳಿ. ಮಳೆಯೊಂದಿಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತ ಮಳೆಗಿಂತ ಮುಂಚೆ ನಿಮ್ಮನ್ನು ಮುಟ್ಟುತ್ತದೆ. ಮುನ್ಸೂಚನೆಯಲ್ಲಿ ‘ಗುಡುಗು ಸಹಿತ ಮಳೆ ಸಾಧ್ಯತೆ’ ಎಂದಿದ್ದರೆ ಅಲ್ಲಿ ತೋರಿಸಿದ ಗಾಳಿಯ ಅಂಕಿಯನ್ನು ಮರೆತುಬಿಡಿ, ಅದು ಈ ಗಾಳಿಯದಲ್ಲ. ಸೆಖೆಯ ನಡುವೆ ಒಮ್ಮೆಲೇ ತಂಪು ತಾಗಿದರೆ, ಮಣ್ಣಿನ ವಾಸನೆ ಬಂದರೆ, ನೀರಿನ ಮೇಲೆ ನಾನು ಮೇಲೆ ಹೇಳಿದ ಕಪ್ಪು ಗೆರೆ ಕಂಡರೆ, ಉಳಿದಿರುವುದು ನಿಮಿಷಗಳು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿಲೊಮೀಟರಿನೊಳಗಿದೆ. ಆಗ ದಡದಲ್ಲಿರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಮಿಂಚನ್ನು ತೋರಿಸುತ್ತದೆ, ಸಿಗ್ನಲ್ ಇದ್ದಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ಕಡೆ ಹಿನ್ನೀರಿನ ಎರಡೂ ದಂಡೆಯಲ್ಲಿ ಆರೇಳು ಮನೆಯವರು ದೋಣಿ, ಕಯಾಕ್ ಇಟ್ಟಿದ್ದೇವೆ. ಗಾಳಿಯ ಸುದ್ದಿ ಹಂಚಿಕೊಳ್ಳಲು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು; ಮೊದಲ ವಾರ ಎಲ್ಲರೂ ಬರೆದರು, ಈಗ ಯಾರೂ ಬರೆಯುವುದಿಲ್ಲ. ಏನು ಮಾಡಬೇಕು? (ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ನಿಮ್ಮ ಯೋಚನೆ ಸರಿಯಾದದ್ದೇ. ಗಂಟೆಗೆ 20 ಕಿಲೊಮೀಟರಿನ ಗಾಳಿಗೆ 5 ಕಿಲೊಮೀಟರ್ ನೀರು ದಾಟಲು ಕಾಲು ಗಂಟೆ ಬೇಕು. ಗಾಳಿ ಬರುವ ಕಡೆಯವರು ಒಂದು ಮಾತು ಹೇಳಿದರೆ ಎದುರಿನವರು ತೆಪ್ಪವನ್ನು ಕರೆಸಿಕೊಳ್ಳಲು ಅಷ್ಟು ಹೊತ್ತು ಸಾಕು. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ದಶಕಗಳ ಕಾಲ ಜನರನ್ನೂ ವಾಹನಗಳನ್ನೂ ದಾಟಿಸಿದ ಲಾಂಚಿನವರು ನೀರು ನೋಡುತ್ತಲೇ ದಿನ ಕಳೆದವರು. ಅಂಥವರು ನಿಮ್ಮ ಸುತ್ತ ಯಾರಾದರೂ ಇದ್ದರೆ ಗುಂಪಿಗೆ ಮೊದಲು ಅವರನ್ನು ಸೇರಿಸಿಕೊಳ್ಳಿ.

ಗುಂಪು ಸೊರಗಿದ್ದಕ್ಕೆ ಕಾರಣ ಸೋಮಾರಿತನವೆಂದು ನನಗನ್ನಿಸುವುದಿಲ್ಲ. ಎಲ್ಲರೂ ಬರೆಯಬಹುದಾದ ಕಡೆ ಇನ್ನೊಬ್ಬರು ಬರೆದಿರುತ್ತಾರೆಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ನಾನು ಹುಟ್ಟು ಒರೆಸುತ್ತ ನಿಂತದ್ದೂ ಹೀಗೆಯೇ. ದಿನಕ್ಕೊಂದು ಮನೆಯ ಸರದಿ ಹಾಕಿ, ಆ ಮನೆಯವರು ಹತ್ತು, ಹನ್ನೆರಡು, ಎರಡು ಗಂಟೆಗೆ ಬರೆಯಲೇಬೇಕು, ಗಾಳಿ ಇಲ್ಲದಿದ್ದರೆ ಇಲ್ಲವೆಂದಾದರೂ ಬರೆಯಬೇಕು ಎಂದು ಗೊತ್ತು ಮಾಡಿ. ಸರದಿ ಯಾರದೇ ಇರಲಿ, ಕಪ್ಪು ಗೆರೆ ಕಂಡವರು ಕಾಯಬಾರದು. ಹಿನ್ನೀರಿನ ಹಳ್ಳಿಗಳಲ್ಲಿ ಸಿಗ್ನಲ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾದ್ದರಿಂದ ಕಡವಿನಲ್ಲಿ ಒಂದು ಬಿದಿರಿನ ಗಳ ನೆಟ್ಟು, ಗಾಳಿ ಎದ್ದಾಗ ಕೆಂಪು ಬಟ್ಟೆ ಏರಿಸಿ. ಪಕ್ಕದಲ್ಲಿ ಒಂದು ಕರಿಹಲಗೆ ಇರಲಿ: ಯಾರು ಇಳಿದರು, ಎಷ್ಟು ಜನ, ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಬರುತ್ತಾರೆ. ಬಂದವರು ತಮ್ಮ ಸಾಲನ್ನು ತಾವೇ ಅಳಿಸಬೇಕು. ಸಂಜೆ ಐದಕ್ಕೆ ಅಳಿಸದ ಸಾಲು ಉಳಿದಿದ್ದರೆ, ಅದು ಯಾರ ಅತಿಥಿಯದೆಂದು ವಿಚಾರಿಸುತ್ತ ಕೂರದೆ, ಹಲಗೆಯ ಹತ್ತಿರ ಇರುವವರೇ ದೋಣಿ ಹೊರಡಿಸಬೇಕು. ಸೀಮೆಸುಣ್ಣವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಇಬ್ಬನಿಗೆ ಕರಗಿಹೋಗುತ್ತದೆ.