ಎಣಿಕೆ ತಪ್ಪಿದ ದೊಡ್ಡಪ್ಪನಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ದೊಡ್ಡಪ್ಪ ಮಾಡುವ ಶ್ರೀಚಕ್ರದ, ಅಂದರೆ ದೇವಿಯ ಯಂತ್ರದ ಪೂಜೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಇಲ್ಲಿಗೇ ಬಿಡಬೇಡಿ, ದಯವಿಟ್ಟು ಇನ್ನೊಮ್ಮೆ ಬರೆಯಿರಿ.

ನಾಲ್ಕನೇ ಪುಟದಲ್ಲಿ ದೊಡ್ಡಪ್ಪ ತಾಮ್ರದ ಯಂತ್ರದ ಮೇಲೆ ಚಿಟಿಕೆ ಚಿಟಿಕೆಯಾಗಿ ಕುಂಕುಮ ಹಾಕುತ್ತಿದ್ದಾರೆ. ಹೊರಗೆ ಯಾರೋ ಕೂಗುತ್ತಾರೆ, ಎಣಿಕೆ ತಪ್ಪುತ್ತದೆ. ಅವರು ರೇಗುವುದಿಲ್ಲ. ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ಆ ಆವರಣವನ್ನು, ಅಂದರೆ ಯಂತ್ರದ ಆ ಸುತ್ತನ್ನು, ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. ನೀವು ಅದನ್ನು ಎರಡು ಸಾಲಿನಲ್ಲಿ ಮುಗಿಸಿ, 'ದಿವ್ಯ ಕಂಪನ', 'ಗುಪ್ತ ಶಕ್ತಿ' ಅಂತ ಮೂರು ಪುಟ ಬರೆದಿದ್ದೀರಿ. ಆ ಮಾತುಗಳನ್ನು ಯಾವ ಪೂಜೆಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ.

ಯಂತ್ರದ ನಟ್ಟನಡುವಿನ ಚುಕ್ಕೆಯೇ ಬಿಂದು. 'ಬಿಂದು ಎಂದರೆ ಶಿವಶಕ್ತಿಯರ ಐಕ್ಯ' ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೀರಿ. ದೊಡ್ಡಪ್ಪ ಮಾಡುವ ನವಾವರಣ ಪೂಜೆಯಲ್ಲಿ, ಅಂದರೆ ಒಂಬತ್ತು ಸುತ್ತುಗಳ ಪೂಜೆಯಲ್ಲಿ, ಹಾಗೆ ನೇರ ಬಿಂದುವಿಗೆ ಹಾರುವುದಿಲ್ಲ ಅಲ್ವಾ? ಹೊರಗಿನ ಚೌಕ, ಅಂದರೆ ಭೂಪುರದಿಂದ ಒಳಗೆ ಬರಬೇಕು. 16 ದಳ, 8 ದಳ, ಆಮೇಲೆ 14, 10, 10, 8 ಸಣ್ಣ ತ್ರಿಕೋನಗಳ ಸುತ್ತುಗಳು, ನಡುವಿನ ಒಂದು ತ್ರಿಕೋನ, ಕೊನೆಗೆ ಬಿಂದು. ಪ್ರತಿ ಸುತ್ತಿನಲ್ಲೂ ಅಲ್ಲಿನ ದೇವತೆಗಳ ಹೆಸರು ಹಿಡಿದು ಪೂಜೆ. ಇದಕ್ಕೂ ಮೊದಲು ನ್ಯಾಸ ಇದೆ, ಮಂತ್ರ ಹೇಳುತ್ತಾ ಮೈಯ ಒಂದೊಂದು ಭಾಗ ಮುಟ್ಟಿಕೊಳ್ಳುವುದು. ಇಷ್ಟೆಲ್ಲ ಮಾಡಿ ಬಂದವರಿಗೆ ಬಿಂದುವಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓದುಗರನ್ನೂ ಸ್ವಲ್ಪ ಹೊತ್ತು ಹಾಗೆ ಕೂರಿಸಿ.

ಕೆಲವು ತಪ್ಪುಗಳಿವೆ. ಆ ಸಣ್ಣ ತ್ರಿಕೋನಗಳು ಮೂಡುವುದು ಒಂದರೊಳಗೊಂದು ಹೆಣೆದ ಒಂಬತ್ತು ದೊಡ್ಡ ತ್ರಿಕೋನಗಳಿಂದ; ಅವುಗಳಲ್ಲಿ ನಾಲ್ಕು ಶಿವನವು, ಐದು ಶಕ್ತಿಯವು. ನೀವು ಅದಲುಬದಲು ಮಾಡಿದ್ದೀರಿ. ಪಂಚಮಕಾರ ಅಂದರೆ 'ಮ' ಅಕ್ಷರದಿಂದ ಶುರುವಾಗುವ ಐದು: ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನ. ಅದರಲ್ಲಿ 'ಮುದ್ರೆ' ಸಾಮಾನ್ಯವಾಗಿ ಹುರಿದ ಧಾನ್ಯ, ಕೈಯಲ್ಲಿ ತೋರಿಸುವ ಮುದ್ರೆ ಅಲ್ಲ. ಪಂಚಮಕಾರವೆಲ್ಲ 'ಬರೀ ಸಂಕೇತ' ಅಂದಿರುವುದೂ ಸರಿಯಲ್ಲ. ಮದ್ಯ ಮಾಂಸವನ್ನೇ ಇಟ್ಟು ಪೂಜಿಸುವ ಕೌಲ ಪಂಥದವರಿದ್ದಾರೆ. ಮದ್ಯದ ಬದಲಿಗೆ ತೆಂಗಿನ ನೀರು ಇಡುವವರಿದ್ದಾರೆ. ಸಮಯಾಚಾರ ಅನ್ನುವ ಇನ್ನೊಂದು ದಾರಿಯವರು ಪೂಜೆಯನ್ನೇ ಮನಸ್ಸಿನೊಳಗೆ ಮಾಡುತ್ತಾರೆ. ನಿಮ್ಮ ದೊಡ್ಡಪ್ಪ ಯಾವ ದಾರಿಯವರು? ಕೇಳಿ ಬರೆಯಿರಿ. ಅವರು ಹೇಳದಿದ್ದರೆ, ಹೇಳಲಿಲ್ಲ ಅಂತಲೇ ಬರೆಯಿರಿ.

ತಾಂತ್ರಿಕ ಅಂದರೆ ಮಾಟ ಮಾಡುವವನು ಅಂತ ಸುಮ್ನೆ ಹೆದರಿಸುವ ಪ್ಯಾರಾ ಬೇಡ. ನಮ್ಮ ಕರಾವಳಿಯಲ್ಲಿ ದೇವಸ್ಥಾನದ ಪುನಃಪ್ರತಿಷ್ಠೆಯ ಬ್ರಹ್ಮಕಲಶ ನಡೆಸಿಕೊಡುವವರನ್ನೇ ತಂತ್ರಿಗಳು ಅನ್ನುತ್ತಾರೆ.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ವಿಷಯಕ್ಕೆ. ದೊಡ್ಡಪ್ಪನ ಮಂತ್ರವನ್ನು ಪೂರ್ತಿ ಬರೆದಿದ್ದೀರಿ. ಅದು ದೀಕ್ಷೆಯಲ್ಲಿ ಗುರು ಕಿವಿಯಲ್ಲಿ ಹೇಳಿದ್ದು. ಪುಸ್ತಕದಲ್ಲಿ ಸಿಗುತ್ತದೆ ಅಂತ ನೀವು ಹೇಳಬಹುದು. ಆದರೂ ಅವರು ಅದನ್ನು ಕಾಪಾಡಿಕೊಂಡು ಬಂದವರು, ತೆಗೆದುಬಿಡಿ. ಅವರು ನಿಮ್ಮನ್ನು ಹೊಸ್ತಿಲಿಂದಾಚೆ ಕೂರಿಸುತ್ತಿದ್ದರು ಅಂತ ನೀವೇ ಬರೆದಿದ್ದೀರಲ್ಲ, ಅಲ್ಲಿಂದ ಕಂಡಷ್ಟನ್ನು, ಕೇಳಿಸಿದಷ್ಟನ್ನು ಬರೆಯಿರಿ. ಕುಂಕುಮದ ಬಟ್ಟಲು ಯಾವ ಕೈಯ ಪಕ್ಕ ಇರುತ್ತಿತ್ತು? ಮುಗಿದ ಮೇಲೆ ಅವರು ಎದ್ದು ಮೊದಲು ಏನು ಮಾಡುತ್ತಿದ್ದರು?

ಬರೆದು ನನಗೇ ಕಳಿಸಿ. ಕಾಯುತ್ತಿರುತ್ತೇನೆ.