ಖಜಾಂಚಿ ಬದಲಾಗುವ ಮೊದಲು

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆ, 90 ಕುಟುಂಬಗಳಿವೆ. ಖಜಾಂಚಿಯವರಿಗೆ 76 ವರ್ಷ, ಲೆಕ್ಕವೆಲ್ಲ ಬಹುಕಾಲದಿಂದ ಅವರ ಕೈಯಲ್ಲೇ. ಯುವಕರು ಬೆಂಗಳೂರು, ದುಬೈ ಸೇರಿದ್ದಾರೆ. ಹಿರಿಯ ಸದಸ್ಯರೊಬ್ಬರು 12 ಲಕ್ಷ ರೂ. ಕೊಡುತ್ತೇನೆಂದಿದ್ದಾರೆ. ಮುಂದಿನ ವ್ಯವಸ್ಥೆ ಹೇಗೆ?
– ಸಭಾ ಕಾರ್ಯದರ್ಶಿ

ಉತ್ತರ: ಸಭಾಪಾಲಕರಿಗೆ (ಪಾದ್ರಿಗೆ) ವರ್ಗವಾದರೆ ಸಭಾಪ್ರಾಂತ, ಅಂದರೆ ಬಿಷಪರ ಆಡಳಿತ, ಇನ್ನೊಬ್ಬರನ್ನು ಕಳಿಸುತ್ತದೆ. ಖಜಾಂಚಿ ಹಾಸಿಗೆ ಹಿಡಿದರೆ ಯಾರೂ ಬರುವುದಿಲ್ಲ. ಅಲ್ಲಿಂದಲೇ ಶುರು ಮಾಡಿ. ಕಮಿಟಿಯಲ್ಲಿ ಠರಾವು ಮಾಡಿ ಒಬ್ಬ ಸಹಾಯಕರನ್ನು ನೇಮಿಸಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪೂರ್ತಿ ಒಂದು ವರ್ಷ ಅವರು ಖಜಾಂಚಿಯವರ ಜೊತೆ ಕೂರಲಿ. ಸುಗ್ಗಿ ಹಬ್ಬದ ಏಲಂ, ಕ್ರಿಸ್‌ಮಸ್ ಖರ್ಚು, ಆಡಿಟ್ ಇವೆಲ್ಲ ಒಂದು ಸುತ್ತು ಆಗದೆ ಲೆಕ್ಕ ಕೈಗೆ ಹತ್ತುವುದಿಲ್ಲ.

ಗಂಟು ಬೀಳುವುದು ಪುಸ್ತಕದಲ್ಲಲ್ಲ, ಮೊಬೈಲಿನಲ್ಲಿ. ಬ್ಯಾಂಕಿನ ಒಟಿಪಿ, ಆದಾಯ ತೆರಿಗೆ ಪೋರ್ಟಲಿನ ಒಟಿಪಿ ಎರಡೂ ಹಳೆಯ ಖಜಾಂಚಿಯ ನಂಬರಿಗೇ ಹೋಗುತ್ತವೆ. ಸಭೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇ–ಮೇಲ್ ಮಾಡಿಸಿ. ಖಾತೆಗೆ ಮೂವರ ಸಹಿ ಕೊಟ್ಟು, ಯಾರಾದರೂ ಇಬ್ಬರ ಸಹಿ ಸಾಕು ಎಂದು ಬರೆಸಿ. ಠೇವಣಿ ರಸೀದಿಗಳನ್ನೆಲ್ಲ ಹೊರಗೆ ತೆಗೆದು ನೋಡಿ. ಯಾವುದಾದರೂ ವ್ಯಕ್ತಿಯ ಸ್ವಂತ ಹೆಸರಿನಲ್ಲಿದ್ದರೆ ಈಗಲೇ ಬದಲಿಸಿ. ಇಲ್ಲದಿದ್ದರೆ ಬಡ್ಡಿ ಅವರ ಆದಾಯವಾಗಿ ಕಾಣುತ್ತದೆ, ನಾಳೆ ವಾರಸುದಾರರನ್ನು ಕೇಳಿಕೊಂಡು ಹೋಗಬೇಕಾಗುತ್ತದೆ.

12 ಲಕ್ಷದ ವಿಷಯ. ಇದು ಮೂಲನಿಧಿಗೆ, ಬಡ್ಡಿ ಮಾತ್ರ ಬಳಸಬೇಕು ಎಂದು ದಾನಿಯಿಂದ ಸಹಿ ಮಾಡಿದ ಪತ್ರ ಪಡೆಯಿರಿ. ಪತ್ರವಿಲ್ಲದಿದ್ದರೆ ಅದು ಆ ವರ್ಷದ ಸಾಮಾನ್ಯ ಆದಾಯಕ್ಕೆ ಸೇರುತ್ತದೆ. ತೆರಿಗೆ ವಿನಾಯಿತಿ ಉಳಿಯಲು ಆದಾಯದ 85% ಖರ್ಚು ತೋರಿಸಬೇಕೆಂಬ ನಿಯಮದಡಿ ಬರುತ್ತದೆ. ಈ ವಿನಾಯಿತಿಗೆ ಸಭೆಗೆ ಸ್ವಂತ ನೋಂದಣಿಯಿದೆಯೋ, ಸಭಾಪ್ರಾಂತದ್ದೇ ಅನ್ವಯಿಸುತ್ತದೆಯೋ ಎಂಬುದನ್ನು ಹಣ ಪಡೆಯುವ ಮೊದಲೇ ಸಭಾಪ್ರಾಂತದ ಕಚೇರಿಯಲ್ಲಿ ಕೇಳಿ. ನಗದು ಬೇಡವೇ ಬೇಡ: ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ.

ಮೂರು ಬ್ಯಾಂಕುಗಳಲ್ಲಿ ತಲಾ 4 ಲಕ್ಷ ಇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಒಂದು ಪರ್ಸೆಂಟ್ ಜಾಸ್ತಿ ಸಿಗುತ್ತದೆಂದು ಸೌಹಾರ್ದ ಸೊಸೈಟಿಗೆ ಹಾಕುವ ರೂಢಿ ನಮ್ಮ ಕರಾವಳಿಯಲ್ಲಿದೆ. ಅಲ್ಲಿ ಈ ವಿಮೆ ಇಲ್ಲ. ಅವಧಿ 1, 2, 3 ವರ್ಷ ಎಂದು ಬೇರೆ ಬೇರೆ ಇರಲಿ, ಚಾವಣಿ ಸೋರಿದರೆ ಎಲ್ಲವನ್ನೂ ಮುರಿಯಬೇಕಿಲ್ಲ. 7% ಬಡ್ಡಿಯೆಂದು ಹಿಡಿದರೆ ವರ್ಷಕ್ಕೆ 84,000. ಅದರಲ್ಲಿ 21,000 ಮೂಲಕ್ಕೇ ಸೇರಿಸಿ, 63,000 ಬಳಸಿ. ಪೂರ್ತಿ ಬಳಸಿದರೆ ಬೆಲೆಯೇರಿಕೆ ನಿಧಿಯನ್ನು ತಿಂದುಹಾಕುತ್ತದೆ.

ಆದರೆ ತಿಂಗಳಿಗೆ ಐದು ಸಾವಿರ ಚಿಲ್ಲರೆಯಿಂದ ಸಭೆ ನಡೆಯದು. ವಂತಿಗೆ ಪುಸ್ತಕ ತೆರೆದು, 65 ದಾಟಿದವರಿಂದ ಎಷ್ಟು ಬರುತ್ತಿದೆ ಎಂದು ಕೂಡಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದಿನ ಹತ್ತು ವರ್ಷದ ಕೊರತೆ ಅಲ್ಲೇ ಕಾಣುತ್ತದೆ. ಬೆಂಗಳೂರಿನ ಮಕ್ಕಳು ಬ್ಯಾಂಕಿಗೆ ಒಮ್ಮೆ ಸೂಚನೆ ಕೊಟ್ಟರೆ ತಿಂಗಳು ತಿಂಗಳು ತಾನಾಗಿ ಜಮೆಯಾಗುತ್ತದೆ. ದುಬೈಯಲ್ಲಿರುವವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರದ್ದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಅದನ್ನು ಮುಟ್ಟಬೇಡಿ.